ಅಪ್ಪನ ಚೀಟಿಯಲ್ಲಿ ಬಂದ 2147483647

ಮಳೆಗಾಲಕ್ಕೆ ಸ್ವಲ್ಪ ಮುಂಚೆ ಅಪ್ಪನ ಹೆಸರಿಗೆ ಒಂದು ಚೀಟಿ ಬಂತು. ಅವರು ಸದಸ್ಯರಾಗಿರುವ ಒಂದು ಸಂಘದವರು ಎಲ್ಲರ ವಿವರವನ್ನೂ ಹೊಸದಾಗಿ ಕಂಪ್ಯೂಟರಿಗೆ ಹಾಕಿಸಿ, ಸರಿಯಿದೆಯಾ ನೋಡಿ ಸಹಿ ಮಾಡಿ ಕೊಡಿ ಅಂತ ಮನೆಮನೆಗೆ ಕಳಿಸಿದ್ದರು. ಅಪ್ಪನಿಗೆ ಓದಲು ಆಗುವುದಿಲ್ಲ. ಗ್ಲಾಕೋಮಾ. ಪಕ್ಕದ ನೋಟವೆಲ್ಲ ಹೋಗಿ, ಈಗ ನೇರ ಎದುರಿಗೆ ಒಂದು ಕೊಳವೆಯಷ್ಟು ಬೆಳಕು ಉಳಿದಿದೆ. ಹಾಗಾಗಿ ಕಾಗದ ಏನು ಬಂದರೂ ನಾನೇ ಓದಿ ಹೇಳುವುದು. ಹೆಸರು ಸರಿ, ಊರು ಸರಿ, ಸರ್ವೆ ನಂಬರ್ ಸರಿ. ಮೊಬೈಲ್ ನಂಬರ್ ಅಂತ ಇದ್ದಲ್ಲಿ 2147483647 ಅಂತಿತ್ತು.

"ಎರಡರಿಂದ ಶುರುವಾಗೋ ಮೊಬೈಲ್ ನಂಬರ್ ಎಲ್ಲಿದೆ ಮಗಾ? ಇದು ನಂದಲ್ಲ" ಅಂದರು ಅಪ್ಪ.

ಸಂಜೆ ಕೆಳಮನೆ ದೊಡ್ಡಮ್ಮ ಅವರ ಚೀಟಿ ಹಿಡಿದುಕೊಂಡು ಬಂದರು. ಅದರಲ್ಲೂ 2147483647. ಅವರ ಮೈದುನನ ಚೀಟಿಯಲ್ಲೂ ಅದೇ. ಊರಿನ ಎಲ್ಲರಿಗೂ ಒಂದೇ ಫೋನ್ ನಂಬರ್.

ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳುವವಳು. ಈ ಸಂಖ್ಯೆ ನನಗೆ ಹಳೆಯ ಪರಿಚಯ. ಆದರೆ ಅದು ನಮ್ಮ ಜಗುಲಿಗೆ ಹೀಗೆ ನಡೆದುಕೊಂಡು ಬರುತ್ತದೆ ಅಂದುಕೊಂಡಿರಲಿಲ್ಲ. ಕಾರಣ ಸುಲಭ. ಎಷ್ಟೋ ಕಂಪ್ಯೂಟರ್ ಪಟ್ಟಿಗಳಲ್ಲಿ ಒಂದು ಪೂರ್ಣಾಂಕಕ್ಕೆ 32 ಬಿಟ್‌ಗಳ ಜಾಗ ಕೊಟ್ಟಿರುತ್ತಾರೆ. ಬಿಟ್ ಅಂದರೆ ಸೊನ್ನೆ ಅಥವಾ ಒಂದು ಮಾತ್ರ ಕೂರುವ ಒಂದು ಮನೆ. ಒಂದು ಬಿಟ್ ಕೂಡಿಸುವ ಲೆಕ್ಕವೋ ಕಳೆಯುವ ಲೆಕ್ಕವೋ ಎಂಬ ಚಿಹ್ನೆಗೆ ಹೋಗುತ್ತದೆ. ಉಳಿದದ್ದು 31. ಅಷ್ಟರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಅಂದರೆ ಎರಡನ್ನು 31 ಸಲ ಗುಣಿಸಿ ಒಂದು ಕಳೆದದ್ದು: 2147483647, ಬಾಯಲ್ಲಿ ಹೇಳುವುದಾದರೆ 214 ಕೋಟಿ 74 ಲಕ್ಷ 83 ಸಾವಿರದ 647. ನಮ್ಮ ದೇಶದ ಮೊಬೈಲ್ ನಂಬರ್‌ಗಳೆಲ್ಲ ಆರು, ಏಳು, ಎಂಟು, ಒಂಬತ್ತರಿಂದ ಶುರುವಾಗುವ ಹತ್ತಂಕಿಯವು, ಅಂದರೆ 600 ಕೋಟಿಗೂ ಮೇಲೆ. ಆ ಜಾಗದಲ್ಲಿ ಹಿಡಿಸುವುದಿಲ್ಲ. ಕೆಲವು ತಂತ್ರಾಂಶಗಳು ಹಿಡಿಸದ ಸಂಖ್ಯೆ ಬಂದಾಗ ತಕರಾರು ಮಾಡದೆ ತಮ್ಮ ಕೈಲಾದ ಗರಿಷ್ಠವನ್ನು ಬರೆದಿಟ್ಟು ಸುಮ್ಮನಾಗುತ್ತವೆ. ಒಂದು ಸೇರಿನ ಪಾತ್ರೆಗೆ ಮೂರು ಸೇರು ಅಕ್ಕಿ ಸುರಿದರೂ ಒಂದೇ ಸೇರು ನಿಲ್ಲುವ ಹಾಗೆ.

ಇಷ್ಟು ಹೇಳಿ, ಮಾತಿನ ಕೊನೆಗೆ, "ಇದು ಅವಿಭಾಜ್ಯ ಸಂಖ್ಯೆ ಕೂಡ, ಅಪ್ಪ. ಒಂದು ಮತ್ತು ಅದೇ ಬಿಟ್ಟರೆ ಯಾವುದರಿಂದಲೂ ಭಾಗ ಹೋಗಲ್ಲ" ಅಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಯಾವುದರಿಂದಲೂ ಹೋಗಲ್ಲ ಅಂತ ಯಾರು ನೋಡಿದ್ದು?"

ಈ ಬರಹ ಹುಟ್ಟಿದ್ದು ಆ ಪ್ರಶ್ನೆಯಿಂದ. ಇಷ್ಟು ವರ್ಷ ಪಾಠ ಹೇಳಿದ್ದೇನೆ, ಯಾವ ವಿದ್ಯಾರ್ಥಿಯೂ ನನ್ನನ್ನು ಹಾಗೆ ಕೇಳಿರಲಿಲ್ಲ. ಭಾಗ ಹೋಗುತ್ತದೆ ಅನ್ನುವುದನ್ನು ತೋರಿಸುವುದು ಸುಲಭ. ಭಾಗಿಸುವ ಸಂಖ್ಯೆಯನ್ನು ಕೈಗೆ ಕೊಟ್ಟರೆ ಆಯಿತು. ಹೋಗುವುದೇ ಇಲ್ಲ ಅನ್ನಬೇಕಾದರೆ ಯಾರಾದರೂ ಕೂತು ಎಲ್ಲವನ್ನೂ ನೋಡಿರಬೇಕು, ಇಲ್ಲವೇ ನೋಡಬೇಕಾಗಿಲ್ಲ ಎನ್ನುವುದಕ್ಕೆ ಗಟ್ಟಿ ಕಾರಣ ಕೊಡಬೇಕು.

ಅಪ್ಪ ಕೊಡಗಿನ ಶಾಂತಳ್ಳಿ ಕಡೆಯ ಒಂದು ಕಾಫಿ ತೋಟದಲ್ಲಿ 34 ವರ್ಷ ರೈಟರ್ ಆಗಿದ್ದವರು. ಹೊರಗಿನವರಿಗೆ ಗೊತ್ತಿರಲಿ ಅಂತ ಹೇಳುತ್ತೇನೆ, ನಮ್ಮಲ್ಲಿ ರೈಟರ್ ಅಂದರೆ ತೋಟದ ಲೆಕ್ಕ ಬರೆಯುವವರು. ಬೆಳಗ್ಗೆ ಆಳು ಎಣಿಸುವುದು, ಗ್ಯಾಂಗ್ ಮಾಡಿ ಮೇಸ್ತ್ರಿಗಳಿಗೆ ಒಪ್ಪಿಸುವುದು, ಹಣ್ಣು ಕುಯ್ಯುವ ಕಾಲದಲ್ಲಿ ತೂಕ ಬರೆಯುವುದು, ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪುಸ್ತಕ) ತುಂಬುವುದು, ಗೇಜ್ ನೋಡಿ ಮಳೆಯನ್ನು ಇಂಚು, ಸೆಂಟ್‌ಗಳಲ್ಲಿ ದಾಖಲಿಸುವುದು ಎಲ್ಲ ಅವರದ್ದೇ. ಬಟವಾಡೆಯ ದಿನ ಒಂದು ರೂಪಾಯಿ ಹೆಚ್ಚುಕಮ್ಮಿ ಬಂದರೂ ಎಷ್ಟು ಹೊತ್ತಾದರೂ ಮನೆಗೆ ಬರುತ್ತಿರಲಿಲ್ಲ. ಅಂಥವರಿಗೆ "ಪುಸ್ತಕದಲ್ಲಿ ಬರೆದಿದೆ" ಅನ್ನುವ ಉತ್ತರ ಸಾಲದು.

"ನೋಡಿದ್ದು ಆಯ್ಲರ್" ಅಂದೆ. "ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹುಟ್ಟಿದವರು. ರಷ್ಯಾದ ಪೀಟರ್ಸ್‌ಬರ್ಗ್‌ನಲ್ಲಿದ್ದಾಗ ಈ ಲೆಕ್ಕ ಮಾಡಿದ್ದು. 1772ರಲ್ಲಿ ಬರ್ನೌಲಿ ಮನೆತನದವರೊಬ್ಬರಿಗೆ ಬರೆದ ಪತ್ರದಲ್ಲಿ ಇದು ಅವಿಭಾಜ್ಯ ಅಂತ ತಿಳಿಸಿದ್ದಾರೆ. ಆಗ ಅವರಿಗೆ ಅರವತ್ತೈದರ ಹತ್ತಿರ. ಕಣ್ಣು ಕಾಣುತ್ತಿರಲಿಲ್ಲ."

ಅಪ್ಪ ಮುಖ ನನ್ನ ಕಡೆ ತಿರುಗಿಸಿದರು. "ಒಂದು ಕಣ್ಣಾ?"

"ಬಲಗಣ್ಣು ಮೂವತ್ತರ ಹೊತ್ತಿಗೇ ಹಾಳಾಗಿತ್ತು. ಎಡಗಣ್ಣಿಗೆ 1766ರ ಹೊತ್ತಿಗೆ ಪೊರೆ ಬಂತು. 1771ರಲ್ಲಿ ಆಪರೇಷನ್ ಮಾಡಿಸಿಕೊಂಡರು, ದೃಷ್ಟಿ ಕೆಲವೇ ದಿನ ಬಂದು ಮತ್ತೆ ಹೋಯಿತು. ಆಮೇಲೆ ಬಾಯಲ್ಲಿ ಹೇಳೋದು, ಮಗ, ಶಿಷ್ಯರು ಬರ್ಕೊಳ್ಳೋದು. ಸಾಯೋವರೆಗೂ ಲೆಕ್ಕ ನಿಲ್ಲಿಸಲಿಲ್ಲ."

"ಹಂಗಾದ್ರೆ ನಾವೂ ನೋಡ್ಬೋದು" ಅಂದರು ಅಪ್ಪ. ತಮಾಷೆಗೆ ಹೇಳಿದ್ದಲ್ಲ.

ಜುಲೈ ಕೊನೆಗೆ ಪುಷ್ಯ ಮಳೆ ಹಿಡಿಯಿತು. ಡಿಸಿಯವರು ಮಳೆ ರಜೆ ಕೊಟ್ಟರು, ಮಾರನೇ ದಿನ ಮುಂದುವರಿಸಿದರು. ದಾರಿಯಲ್ಲಿ ಎಲ್ಲೋ ಮರ ಬಿದ್ದು ಕರೆಂಟ್ ಹೋಯಿತು. ಒಂದು ಬೆಳಗ್ಗೆ ಗೇಜಿನಲ್ಲಿ 6 ಇಂಚು 20 ಸೆಂಟ್. ಪುಷ್ಪಗಿರಿ ಇರಲಿ, ಎದುರಿನ ಕಣವೇ ಕಾಣದಷ್ಟು ಮಂಜು. ಬಚ್ಚಲೊಲೆಯ ಪಕ್ಕ ಮಣೆ ಹಾಕಿಕೊಂಡು ಅಪ್ಪ ಕೂತರು, ನಾನು ನೂರು ಹಾಳೆಯ ನೋಟ್‌ಬುಕ್ಕು, ಪೆನ್ಸಿಲ್ ತಂದೆ. ಅಮ್ಮ ಕಳಲೆ ಹೆಚ್ಚುತ್ತಿದ್ದರು.

ಮೊದಲ ಪ್ರಶ್ನೆ, ಎಲ್ಲಿಯವರೆಗೆ ನೋಡಬೇಕು? ಒಂದು ಸಂಖ್ಯೆ ಎರಡರ ಗುಣಲಬ್ಧವಾಗಿದ್ದರೆ ಆ ಎರಡರಲ್ಲಿ ಒಂದಾದರೂ ಅದರ ವರ್ಗಮೂಲಕ್ಕಿಂತ ದೊಡ್ಡದಿರಲಾರದು. 46340ರ ವರ್ಗ 2147395600, ನಮ್ಮ ಸಂಖ್ಯೆಗಿಂತ ಕಡಿಮೆ. 46341ರದ್ದು 2147488281, ಹೆಚ್ಚು. ಅಲ್ಲಿಗೆ 46340ರವರೆಗಿನ ಅವಿಭಾಜ್ಯಗಳನ್ನು ನೋಡಿದರೆ ಸಾಕು. ಆದರೆ ಅವೇ ಹತ್ತಿರ ಹತ್ತಿರ 4800 ಇವೆ. ದಿನಕ್ಕೆ ಐವತ್ತು ಭಾಗಾಕಾರ ಅಂದರೂ ಮೂರು ತಿಂಗಳು ದಾಟುತ್ತದೆ.

ಆಯ್ಲರ್ ಇಷ್ಟನ್ನೂ ಮಾಡಲಿಲ್ಲ. ಈ ಸಂಖ್ಯೆ ಎರಡರ ಘಾತದಿಂದ ಒಂದು ಕಳೆದು ಬಂದದ್ದು ಎನ್ನುವುದೇ ಅವರಿಗೆ ಸಿಕ್ಕ ಹಿಡಿ. ಅದನ್ನು ಅಪ್ಪನಿಗೆ ಹೇಗೆ ಹೇಳಲಿ ಅಂತ ಯೋಚಿಸಿ, ತೋಟದ ಭಾಷೆಗೆ ಹೋದೆ.

ಏಳನ್ನು ತೆಗೆದುಕೊಳ್ಳಿ. ಏಳರಿಂದ ಭಾಗಿಸಿದರೆ ಉಳಿಯಬಹುದಾದ ಶೇಷ ಒಂದರಿಂದ ಆರು, ಅಂದರೆ ಆರು ಜನ ಆಳು. ಒಂದನ್ನು ಎರಡರಿಂದ ಗುಣಿಸುತ್ತಾ ಹೋಗಿ: 1, 2, 4, ಆಮೇಲೆ 8. ಎಂಟರಲ್ಲಿ ಏಳು ಕಳೆದರೆ ಮತ್ತೆ 1. ಅಲ್ಲಿಗೆ ಮೂರು ಜನರ ಒಂದು ಗ್ಯಾಂಗ್ ಆಯಿತು. ಹೊರಗುಳಿದ 3ರಿಂದ ಶುರು ಮಾಡಿ: 3, 6, 12 ಅಂದರೆ 5, 10 ಅಂದರೆ ಮತ್ತೆ 3. ಇದೂ ಮೂರೇ ಜನ. ಮೊದಲ ಗ್ಯಾಂಗಿನ ಪ್ರತಿಯೊಬ್ಬರನ್ನೂ ಮೂರರಿಂದ ಗುಣಿಸಿದರೆ ಎರಡನೆಯ ಗ್ಯಾಂಗ್ ಬರುತ್ತದೆ, ಹಾಗಾಗಿ ಗ್ಯಾಂಗುಗಳೆಲ್ಲ ಒಂದೇ ಅಳತೆಯವೇ ಆಗಬೇಕು, ಬೇರೆ ದಾರಿಯಿಲ್ಲ. ಈಗ ಯಾವುದೋ ಒಂದು ಅವಿಭಾಜ್ಯ ನಮ್ಮ 2147483647ನ್ನು ಭಾಗಿಸುತ್ತದೆ ಅಂತ ಇಟ್ಟುಕೊಳ್ಳಿ. ಹಾಗಿದ್ದರೆ ಒಂದರಿಂದ ಹೊರಟು 31 ಸಲ ಇಮ್ಮಡಿ ಮಾಡಿದಾಗ ಮತ್ತೆ ಒಂದಕ್ಕೇ ಬಂದು ನಿಲ್ಲಬೇಕು. ಮಧ್ಯದಲ್ಲಿ ಎಲ್ಲಾದರೂ ಬೇಗ ಬಂದಿದ್ದರೆ ಆ ಸುತ್ತು 31ನ್ನು ಭಾಗಿಸಬೇಕಿತ್ತು, 31 ತಾನೇ ಅವಿಭಾಜ್ಯ. ಹಾಗಾಗಿ ಪ್ರತಿ ಗ್ಯಾಂಗಿನಲ್ಲೂ ಸರಿಯಾಗಿ 31 ಜನ.

"ಅಂದ್ರೆ ಆ ನಂಬರಿಂದ ಒಂದು ಕಳೆದ್ರೆ, ಮೂವತ್ತೊಂದು ಮೂವತ್ತೊಂದಾಗಿ ಹಂಚಿದಾಗ ಒಬ್ಬ ಆಳೂ ಉಳೀಬಾರದು" ಅಂದರು ಅಪ್ಪ.

ಅಷ್ಟೇ. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಭಾಜಕ ಬೆಸ ಸಂಖ್ಯೆಯಾದ್ದರಿಂದ ಒಂದು ಕಳೆದರೆ ಸಮಸಂಖ್ಯೆ, ಹಾಗಾಗಿ 62ರಿಂದಲೇ ಭಾಗ ಹೋಗಬೇಕು. ನೋಡಬೇಕಾದವು 62ರ ಗುಣಕಕ್ಕೆ ಒಂದು ಸೇರಿಸಿದವು ಮಾತ್ರ: 63, 125, 187, 249, 311 ಹೀಗೆ. 46340ರೊಳಗೆ ಅಂಥವು 747.

ಇನ್ನೊಂದು ಜರಡಿ ಇದೆ. 2ರ 31ನೇ ಘಾತಕ್ಕೆ ಶೇಷ ಒಂದಾದರೆ 32ನೇ ಘಾತಕ್ಕೆ ಶೇಷ ಎರಡು. 32ನೇ ಘಾತ ಅಂದರೆ 16ನೇ ಘಾತದ ವರ್ಗ. ಅಂದರೆ ಆ ಭಾಜಕದ ಲೋಕದಲ್ಲಿ ಎರಡಕ್ಕೆ ಒಂದು ವರ್ಗಮೂಲ ಇದೆ ಅಂತಾಯಿತು. ಎಲ್ಲ ಅವಿಭಾಜ್ಯಗಳಲ್ಲೂ ಹೀಗಿರುವುದಿಲ್ಲ. ಏಳರಲ್ಲಿ ಇದೆ, ಮೂರರ ವರ್ಗ ಒಂಬತ್ತು, ಶೇಷ ಎರಡು. ಹದಿನೇಳರಲ್ಲಿ ಆರರ ವರ್ಗ 36, ಶೇಷ ಎರಡು. ಹನ್ನೊಂದರಲ್ಲಿ, ಹದಿಮೂರರಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಎಂಟರಿಂದ ಭಾಗಿಸಿದಾಗ 1 ಅಥವಾ 7 ಉಳಿಯುವ ಅವಿಭಾಜ್ಯಗಳಿಗೆ ಮಾತ್ರ ಈ ಭಾಗ್ಯ. ಇದರ ಸಾಧನೆ ಒಂದೆರಡು ಪುಟ ಬೇಡುತ್ತದೆ, ಇಲ್ಲಿ ಬೇಡ. ಎರಡು ಜರಡಿಯನ್ನೂ ಒಂದರ ಮೇಲೊಂದು ಇಟ್ಟರೆ ಉಳಿಯುವುದು ಎರಡೇ ಸಾಲು: 248ರ ಗುಣಕಕ್ಕೆ 1 ಸೇರಿಸಿದವು, 248ರ ಗುಣಕಕ್ಕೆ 63 ಸೇರಿಸಿದವು. ಒಟ್ಟು 373. ಅವುಗಳಲ್ಲೂ ಅವಿಭಾಜ್ಯಗಳನ್ನಷ್ಟೇ ಇಟ್ಟುಕೊಂಡರೆ ಎಂಬತ್ತು ಚಿಲ್ಲರೆ.

4800 ಎಲ್ಲಿ, ಎಂಬತ್ತು ಎಲ್ಲಿ! ಪಾಠ ಮಾಡುವಾಗ ಇದನ್ನು ಬೋರ್ಡಿನ ಮೇಲೆ ಎರಡು ಸಾಲಿನಲ್ಲಿ ಮುಗಿಸಿದ್ದೇನೆ. ಅದರ ಬೆಲೆ ಎಷ್ಟು ಅಂತ ತಿಳಿದದ್ದು ಒದ್ದೆ ಸೌದೆಯ ಹೊಗೆಯಲ್ಲಿ ಕಣ್ಣೊರೆಸಿಕೊಂಡು ಪೆನ್ಸಿಲ್ ಹಿಡಿದಾಗ.

ಪಟ್ಟಿ ಮಾಡುವುದೇ ಒಂದು ದಿನದ ಕೆಲಸವಾಯಿತು. 249 ಮೂರರಿಂದ ಹೋಯಿತು. 497 ಏಳರಿಂದ. 559 ಅಂದರೆ 13×43. 1241 ಅಂದರೆ 17×73. 2047 ಬಂದಾಗ ನಾನು ತಡೆದೆ, ಅದು ಎರಡರ 11ನೇ ಘಾತದಿಂದ ಒಂದು ಕಳೆದದ್ದು, ನಮ್ಮ ಸಂಖ್ಯೆಯದೇ ಕುಲ. ಘಾತ ಅವಿಭಾಜ್ಯವಾಗಿದ್ದರೆ ಸಂಖ್ಯೆಯೂ ಅವಿಭಾಜ್ಯವಾಗಿಬಿಡುತ್ತದೆ ಅಂದುಕೊಳ್ಳುವವರಿಗೆ ಎದುರಾಗುವ ಮೊದಲ ಸಾಕ್ಷಿ: 2047 ಅಂದರೆ 23×89. ಆ 23 ಮತ್ತು 89ರಿಂದ ಒಂದೊಂದು ಕಳೆದು ನೋಡಿ, 22 ಮತ್ತು 88, ಎರಡೂ ಹನ್ನೊಂದರ ಗ್ಯಾಂಗುಗಳಾಗಿ ಸರಿಯಾಗಿ ಹಂಚಿಹೋಗುತ್ತವೆ. ಪಟ್ಟಿಯ ಕೊನೆಯ ತುದಿಯಲ್ಲಿ 46129 ನಮ್ಮನ್ನು ತುಂಬ ಹೊತ್ತು ಸತಾಯಿಸಿತು. ನೋಡಲು ಥೇಟ್ ಅವಿಭಾಜ್ಯದ ಹಾಗೆ. ಮೂವತ್ತು ನಲವತ್ತು ಸಂಖ್ಯೆಗಳಿಂದ ಭಾಗಿಸಿ ಸೋತು, ಬಿಟ್ಟುಬಿಡೋಣ ಅನ್ನುವಷ್ಟರಲ್ಲಿ 163ಕ್ಕೆ ಒಡೆಯಿತು: 163×283.

ಭಾಗಾಕಾರ ಶುರುವಾದದ್ದು ಎರಡನೆಯ ದಿನ. ಮೊದಲ ಅವಿಭಾಜ್ಯ 311. ನಾನು ಉದ್ದ ಭಾಗಾಕಾರ ಬರೆಯತೊಡಗಿದೆ. ಅಪ್ಪ ಬೇಡ ಅಂದರು. "ಎರಡನ್ನ ಎಂಟು ಸಲ ಗುಣಿಸಿದ್ರೆ 256. ಮುನ್ನೂರ ಹನ್ನೊಂದಕ್ಕೆ 55 ಸಾಲ. ಹದಿನಾರಕ್ಕೆ ಹೋಗ್ಬೇಕಂದ್ರೆ ಸಾಲಕ್ಕೆ ಸಾಲ ಗುಣಿಸ್ಬೇಕು, ಸಾಲ ಹೋಗಿ ಆಸ್ತಿ ಆಗುತ್ತೆ. 55ರ ವರ್ಗ 3025. ಒಂಬತ್ತು ಮುನ್ನೂರ ಹನ್ನೊಂದು 2799, ಉಳಿದದ್ದು 226. ಅಂದ್ರೆ ಮತ್ತೆ 85 ಸಾಲ. 85ರ ವರ್ಗ 7225. ಇಪ್ಪತ್ತಮೂರು ಸಲ ತೆಗೆದ್ರೆ 7153. ಉಳಿದದ್ದು 72. ಇದು ಮೂವತ್ತೆರಡನೇದು. ಮೂವತ್ತೊಂದನೇದು ಅದರರ್ಧ, 36. ಒಂದು ಕಳೆದ್ರೆ 35. ಸೊನ್ನೆ ಬರಲಿಲ್ಲ. ಮುನ್ನೂರ ಹನ್ನೊಂದು ಔಟ್."

ನಾನು ಆಗ ಪೆನ್ಸಿಲ್‌ನಲ್ಲಿ ಅರ್ಧಕ್ಕೆ ಬಂದಿದ್ದೆ. ಮುಗಿಸಿದೆ. ಭಾಗಲಬ್ಧ 6905092, ಶೇಷ 35.

ಗಣಿತದಲ್ಲಿ ಇದಕ್ಕೆ ದೊಡ್ಡ ಹೆಸರುಗಳಿವೆ. ವರ್ಗ ಮಾಡುತ್ತಾ ಮಾಡುತ್ತಾ ಘಾತವನ್ನು ಏರುವ ಈ ವಿಧಾನದ ಮೇಲೆಯೇ ಇವತ್ತು ಬ್ಯಾಂಕಿನ ಗುಟ್ಟು ಕಾಯುವ ಸಂಕೇತಲಿಪಿಗಳೂ ನಡೆಯುತ್ತವೆ. ನನ್ನ ಅಪ್ಪ ಓದಿದ್ದು ಎಸ್ಸೆಸ್ಸೆಲ್ಸಿ. ಅವರಿಗೆ ಕಳೆತವನ್ನು ಸಾಲ ಅಂತ ನೋಡಿ ಅಭ್ಯಾಸ, ಮುಂಗಡ ತೆಗೆದುಕೊಂಡ ಆಳಿನ ಲೆಕ್ಕ ಬರೆದೂ ಬರೆದೂ ಬಂದದ್ದು.

ಸಣ್ಣವು ಅಪ್ಪನಿಗೆ, ದೊಡ್ಡವು ನನಗೆ ಅಂತ ಹಂಚಿಕೊಂಡೆವು. ಹತ್ತು ಸಾವಿರ ದಾಟಿದ ಮೇಲೆ ವರ್ಗ ಮಾಡುವುದಕ್ಕಿಂತ ನೇರ ಭಾಗಾಕಾರವೇ ಸಲೀಸು. ಪ್ರತಿ ಲೆಕ್ಕಕ್ಕೂ ಒಂಬತ್ತರ ತಾಳೆ ನೋಡಲೇಬೇಕು, ಅಂದರೆ ಅಂಕಿಗಳನ್ನು ಒಂದಂಕಿ ಆಗುವವರೆಗೆ ಕೂಡಿಸಿ ಎರಡೂ ಕಡೆ ಹೊಂದುತ್ತದೆಯಾ ನೋಡಬೇಕು ಅಂತ ಅಪ್ಪನ ಕಟ್ಟಪ್ಪಣೆ. ಮೊದಲ ಹಾಳೆ ನಾನೇ ಬರೆದೆ, 1303ರಿಂದ ಶುರು ಮಾಡಿ ಹನ್ನೆರಡು ಭಾಗಾಕಾರ. ಎಲ್ಲದಕ್ಕೂ ತಾಳೆ ಸರಿಬಂತು. ರಾತ್ರಿ ಊಟವಾದ ಮೇಲೆ ಒಂದೊಂದೇ ಓದಿ ಹೇಳಿದೆ. "1303ಕ್ಕೆ ಶೇಷ 831."

"ಅಲ್ಲ. 226" ಅಂದರು ಅಪ್ಪ.

ಮಧ್ಯಾಹ್ನ ಸುಮ್ಮನೆ ಮಲಗಿದ್ದಾಗ ಬಾಯಿಲೆಕ್ಕ ಮಾಡಿದ್ದರಂತೆ. ಹತ್ತನೇ ಘಾತ 1024, 279 ಸಾಲ. ಇಪ್ಪತ್ತನೇದಕ್ಕೆ 964, ಅಂದರೆ 339 ಸಾಲ. ಎರಡು ಸಾಲವನ್ನೂ ಗುಣಿಸಿ ಇಳಿಸಿದರೆ ಮೂವತ್ತನೇದಕ್ಕೆ 765. ಇಮ್ಮಡಿ 1530, ಅದರಲ್ಲಿ 1303 ಹೋದರೆ 227, ಒಂದು ಕಳೆದರೆ 226. ನನ್ನ ಭಾಗಾಕಾರವನ್ನು ಎರಡು ಸಲ ನೋಡಿದೆ, ತಪ್ಪೇನೂ ಕಾಣಲಿಲ್ಲ. ಒಂಬತ್ತರ ತಾಳೆಯೂ ಸರಿ. ಆಗ ಅಪ್ಪ, "ಮೇಲಿನ ಸಂಖ್ಯೆ ಒಂದೊಂದೇ ಅಂಕಿ ಓದು" ಅಂದರು. ಓದಿದೆ: ಎರಡು, ಒಂದು, ನಾಲ್ಕು, ಏಳು, ನಾಲ್ಕು, ಮೂರು, ಎಂಟು...

ಎಂಟು ಮೂರು ಆಗಬೇಕಾದದ್ದು ಮೂರು ಎಂಟು ಆಗಿತ್ತು. 2147483647 ಬದಲು 2147438647 ಬರೆದುಕೊಂಡು ಇಡೀ ಹಾಳೆ ಮಾಡಿದ್ದೆ. ಅಂಕಿ ಹಿಂದುಮುಂದಾದರೆ ಅಂಕಿಗಳ ಮೊತ್ತ ಬದಲಾಗುವುದಿಲ್ಲ, ಹಾಗಾಗಿ ಒಂಬತ್ತರ ತಾಳೆಗೆ ಈ ತಪ್ಪು ಕಾಣುವುದೇ ಇಲ್ಲ. ಎರಡರ ವ್ಯತ್ಯಾಸ 45000, ಒಂಬತ್ತರಿಂದ ಭಾಗ ಹೋಗುತ್ತದೆ. ಚೆಕ್‌ರೋಲ್ ಬರೆದವರಿಗೆಲ್ಲ ಇದು ಗೊತ್ತಂತೆ. ಮೊತ್ತದಲ್ಲಿ ಬಂದ ವ್ಯತ್ಯಾಸ ಒಂಬತ್ತರ ಮಗ್ಗಿಯಲ್ಲಿದ್ದರೆ ಮೊದಲು ಅದಲುಬದಲಾದ ಅಂಕಿ ಹುಡುಕಬೇಕು. ಹನ್ನೆರಡನ್ನೂ ಮರುದಿನ ಮೊದಲಿಂದ ಮಾಡಿದೆ. 1303ಕ್ಕೆ 226. 1489ಕ್ಕೆ 199. ಒಂದೂ ಸೊನ್ನೆಯಿಲ್ಲ.

ಆ ದಿನಗಳಲ್ಲಿ ಕೈ ತನ್ನ ಪಾಡಿಗೆ ಭಾಗಿಸುತ್ತಿದ್ದಾಗ ಅಪ್ಪನಿಗೆ ಈ ಸಂಖ್ಯೆಯ ಹಿಂದಿನ ಕತೆ ಹೇಳುತ್ತಿದ್ದೆ. ಇಟಲಿಯ ಕತಾಲ್ಡಿ 1588ರಲ್ಲಿ ಎರಡರ 17 ಮತ್ತು 19ನೇ ಘಾತಗಳಿಂದ ಒಂದು ಕಳೆದವು ಅವಿಭಾಜ್ಯ ಅಂತ ಒಂದೊಂದಾಗಿ ಭಾಗಿಸಿ ತೋರಿಸಿದ್ದ. 23, 29, 31, 37 ಕೂಡ ಹಾಗೇ ಅಂದಿದ್ದ, ಅದರಲ್ಲಿ 31 ಒಂದೇ ನಿಂತದ್ದು. 23ನೆಯದು 47ರಿಂದ ಭಾಗ ಹೋಗುತ್ತದೆ. ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ ಕೊಟ್ಟ ಪಟ್ಟಿಯಲ್ಲೂ 31 ಇತ್ತು. ಇಂಥ ಅವಿಭಾಜ್ಯಗಳಿಗೆ ಇವತ್ತಿಗೂ ಅವನ ಹೆಸರೇ. ಅವನ ಪಟ್ಟಿಯಲ್ಲಿದ್ದ 67 ತಪ್ಪು ಅಂತ ತೋರಿಸುವ ಎರಡು ಅಪವರ್ತನಗಳು, 193707721 ಮತ್ತು 761838257287, ಸಿಕ್ಕಿದ್ದು 1903ರಲ್ಲಿ, ಅಮೆರಿಕದ ಕೋಲ್ ಎಂಬುವರಿಗೆ.

ಅಪ್ಪನಿಗೆ ಹಿಡಿಸಿದ್ದು ಆಯ್ಲರ್‌ನ ಇನ್ನೊಂದು ಲೆಕ್ಕ. ಎರಡರ 32ನೇ ಘಾತಕ್ಕೆ ಒಂದು ಕೂಡಿಸಿದರೆ ಅವಿಭಾಜ್ಯ ಬರುತ್ತದೆ ಅಂತ ಫ್ರಾನ್ಸಿನ ಗಣಿತಜ್ಞ ಫರ್ಮಾ ನಂಬಿದ್ದ. ಆಯ್ಲರ್ 1732ರಲ್ಲಿ ಅದನ್ನು 641 ಮತ್ತು 6700417 ಅಂತ ಒಡೆದ. ಆ 6700417 ನಲವತ್ತು ವರ್ಷ ಲೋಕಕ್ಕೆ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯವಾಗಿತ್ತು, ಆಮೇಲೆ ಆ ಪಟ್ಟ ಬಂದದ್ದು ನಮ್ಮ ಚೀಟಿಯ ಸಂಖ್ಯೆಗೆ. 1867ರವರೆಗೂ ಅದರ ಬಳಿಯೇ ಇತ್ತು. ಅಷ್ಟರಲ್ಲಿ ನಮ್ಮ ಕೊಡಗಿನಲ್ಲಿ ಲಿಂಗರಾಜೇಂದ್ರನ ಆಳ್ವಿಕೆ ಬಂದು ಹೋಗಿ, ಚಿಕ್ಕವೀರರಾಜೇಂದ್ರ ಪಟ್ಟ ಕಳೆದುಕೊಂಡು, 1834ರಲ್ಲಿ ರಾಜ್ಯ ಬ್ರಿಟಿಷರ ಕೈಸೇರಿ, ಕಾಡು ಕಡಿದು ಕಾಫಿ ತೋಟಗಳು ಎದ್ದಿದ್ದವು.

ಇದೇ ಸಂಖ್ಯೆಯಿಂದ ಒಂದು ಪರಿಪೂರ್ಣ ಸಂಖ್ಯೆಯೂ ಹುಟ್ಟುತ್ತದೆ. 6ನ್ನು ಭಾಗಿಸುವ 1, 2, 3 ಕೂಡಿಸಿದರೆ 6, 28ಕ್ಕೆ 1, 2, 4, 7, 14. ನಮ್ಮದನ್ನು ಎರಡರ 30ನೇ ಘಾತದಿಂದ ಗುಣಿಸಿದರೆ 2305843008139952128, ಅದೂ ಅಂಥದೇ. ಇಂಗ್ಲೆಂಡಿನ ಬಾರ್ಲೋ 1811ರಲ್ಲಿ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಯಾರೂ ಎಂದಿಗೂ ಕಂಡುಹಿಡಿಯುವುದಿಲ್ಲ, ಅದರಿಂದ ಪ್ರಯೋಜನವೂ ಇಲ್ಲ ಎಂಬರ್ಥದಲ್ಲಿ ಬರೆದಿದ್ದ. ನನಗೆ ಆ ಮಾತು ಸರಿ ಅನ್ನಿಸುವುದಿಲ್ಲ. ಪ್ರಯೋಜನಕ್ಕೆ ಕಾದು ಕೂತಿದ್ದರೆ ಗ್ಯಾಂಗಿನ ಆ ಉಪಾಯ ಯಾರಿಗೂ ಹೊಳೆಯುತ್ತಿರಲಿಲ್ಲ. 2024ರ ಅಕ್ಟೋಬರಿನಲ್ಲಿ ಸಿಕ್ಕ ಮರ್ಸೆನ್ ಅವಿಭಾಜ್ಯದ ಘಾತ 136279841, ಅದರಲ್ಲಿ 4,10,24,320 ಅಂಕಿಗಳಿವೆ. ಪುಟಕ್ಕೆ 2000 ಅಂಕಿಯಂತೆ ಬರೆದರೂ ಇಪ್ಪತ್ತು ಸಾವಿರ ಪುಟ ದಾಟುತ್ತದೆ ಅಂದಾಗ ಅಪ್ಪ, "ನಾನು ಅಷ್ಟೂ ವರ್ಷ ಬರೆದ ಚೆಕ್‌ರೋಲ್ ಎಲ್ಲ ಸೇರಿದ್ರೂ ಅಷ್ಟಾಗಲ್ಲ" ಅಂದರು.

32 ಬಿಟ್‌ನ ಗರಿಷ್ಠ ಅವಿಭಾಜ್ಯವಾಗಿರುವುದು ಕಂಪ್ಯೂಟರಿನವರು ಬಯಸಿ ಮಾಡಿದ್ದಲ್ಲ. 16 ಬಿಟ್‌ನಲ್ಲಿ ಬರುವ 32767 ಅಂದರೆ 7×31×151. 64 ಬಿಟ್‌ನದ್ದೂ ಒಡೆಯುತ್ತದೆ, ಅಲ್ಲಿನ ಘಾತ 63 ತಾನೇ ಏಳೊಂಬತ್ತಲ. ಎಂಟು ಬಿಟ್‌ನ 127 ಮತ್ತು ನಮ್ಮ ಈ ಸಂಖ್ಯೆ ಎರಡೇ ಗಟ್ಟಿ.

ಐದನೆಯ ದಿನ ಮಳೆ ಹೊಳವಾಯಿತು, ಕಾಲೇಜು ಶುರುವಾಯಿತು. ಉಳಿದವುಗಳನ್ನು ಸಂಜೆ ಹೊತ್ತು ಮಾಡಿದೆವು, ದಿನಕ್ಕೆ ಐದೋ ಆರೋ. ಪಟ್ಟಿಯಲ್ಲಿ ಕೊನೆಗೆ ಉಳಿದದ್ದು 45943. ಅದನ್ನು ಅಪ್ಪನ ಎದುರಿಗೇ, ಜೋರಾಗಿ ಹೇಳಿಕೊಂಡು ಭಾಗಿಸಿದೆ. ಭಾಗಲಬ್ಧ 46742, ಶೇಷ 15941.

"ತಾಳೆ ನೋಡು" ಅಂದರು.

45943ರ ಅಂಕಿ ಕೂಡಿಸಿದರೆ 25, ಅಂದರೆ 7. 46742ಕ್ಕೆ 23, ಅಂದರೆ 5. ಏಳೈದಲ 35, ಅಂದರೆ 8. ಶೇಷದ್ದು 20, ಅಂದರೆ 2. ಎಂಟೂ ಎರಡೂ ಹತ್ತು, ಅಂದರೆ 1. ಇತ್ತ 2147483647ರ ಮೊತ್ತ 46, ಅದು ಹತ್ತು, ಅದೂ 1.

"ಮೇಲಿನ ಸಂಖ್ಯೆ ಓದು."

ಒಂದೊಂದೇ ಅಂಕಿ ಓದಿದೆ. ಸರಿಯಿತ್ತು. ಅಪ್ಪ ಚೀಟಿ ಎಲ್ಲಿ ಅಂತ ಕೇಳಿದರು. ಮೊಬೈಲ್ ನಂಬರಿನ ಸಾಲನ್ನು ಹೊಡೆದು ಸರಿಯಾದದ್ದು ಬರೆದೆ, ಬೆರಳಿಟ್ಟು ಜಾಗ ತೋರಿಸಿದೆ, ಸಹಿ ಹಾಕಿದರು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ವಾರ ಬಿಟ್ಟು ಮುಂದಿನದು ಯಾವುದು ಅಂತ ಕೇಳಿದರು. ಮುಂದಿನದು ಎರಡರ 61ನೇ ಘಾತದಿಂದ ಒಂದು ಕಳೆದದ್ದು. ಅದಕ್ಕೆ ಈ ಉಪಾಯ ಸಾಲದು, 150 ಕೋಟಿಯವರೆಗೆ ಭಾಜಕ ಹುಡುಕಬೇಕು. ಆಗ ಫ್ರಾನ್ಸಿನ ಗಣಿತಜ್ಞ ಲೂಕಾನ ದಾರಿ ಹೇಳಿಕೊಟ್ಟೆ. 1876ರಲ್ಲಿ ಅವನು ಎರಡರ 127ನೇ ಘಾತದ್ದನ್ನು, 39 ಅಂಕಿಯದ್ದನ್ನು, ಭಾಜಕ ಹುಡುಕದೆಯೇ ಅವಿಭಾಜ್ಯ ಅಂತ ಸಾಧಿಸಿದ. ಆಮೇಲೆ ಲೆಹ್ಮರ್ ಅದನ್ನು ಸರಳ ಮಾಡಿದ. 4ರಿಂದ ಶುರು ಮಾಡಬೇಕು. ವರ್ಗ ಮಾಡಿ ಎರಡು ಕಳೆಯಬೇಕು, ನಾವು ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಬೇಕು, ಮತ್ತೆ ಅದೇ. ಘಾತಕ್ಕಿಂತ ಎರಡು ಕಡಿಮೆ ಸಲ ಮಾಡಿದಾಗ ಸೊನ್ನೆ ಬಂದರೆ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ. 127ಕ್ಕೆ, ಅಂದರೆ ಎರಡರ 7ನೇ ಘಾತದಿಂದ ಒಂದು ಕಳೆದದ್ದಕ್ಕೆ, ಅಪ್ಪ ಬಾಯಲ್ಲೇ ಮಾಡಿದರು: 4, 14, 67, 42, 111, ಸೊನ್ನೆ.

ಈಗ 8191 ಹಿಡಿದಿದ್ದಾರೆ, ಎರಡರ 13ನೇ ಘಾತದ್ದು. ದೊಡ್ಡ ವರ್ಗಗಳಿಗೆ ನನ್ನ ಪೆನ್ಸಿಲ್ ಬೇಕು, ಉಳಿದದ್ದು ಅವರದ್ದೇ. 4, 14, 194, 4870, 3953, 5970, 1857. ಅಲ್ಲಿಂದ 36ಕ್ಕೆ ಇಳಿಯಿತು. ಆಮೇಲೆ 1294, 3470. ನಿನ್ನೆ ಸಂಜೆ ನಾನು ಕಾಲೇಜಿನಿಂದ ಬಂದು ಕೊಡೆ ಮಡಚುತ್ತಿದ್ದಾಗ ಜಗುಲಿಯಿಂದಲೇ ಕೂಗಿದರು: "128 ಬಂತು ಮಗಾ! 128ರ ವರ್ಗ 16384. ಎರಡು ಕಳೆದ್ರೆ 16382. ಎಂಟು ಸಾವಿರದ ನೂರ ತೊಂಬತ್ತೊಂದು ಎರಡ್ಲ ಎಷ್ಟು, ನೀನೇ ಹೇಳು."